ಬಿಟ್ಟು ಬಂದವನು ಒಪ್ಪಿಸಿದ ಲೆಕ್ಕ

1

ಹೋದ ತಿಂಗಳು ಒಂದು ರಾತ್ರಿ ನಮ್ಮ ಹುಡುಗನೊಬ್ಬ ಮನೆಗೆ ಬಂದ. ನಮ್ಮ ಕೇರಿಯಲ್ಲಿ ಸರ್ಕಾರದ ಸಂಬಳ ಕಂಡ ಮೊದಲನೆಯವನು ಅವನು. ತಾಲ್ಲೂಕಿನ ಒಂದು ಹಾಸ್ಟೆಲಿನಲ್ಲಿ ವಾರ್ಡನ್. ಅರವತ್ತು ಮಕ್ಕಳು ಉಣ್ಣುವ ಕಡೆ ತೊಂಬತ್ತು ಮಕ್ಕಳ ಅಕ್ಕಿ, ಬೇಳೆ, ಎಣ್ಣೆಗೆ ರುಜು ಹಾಕು ಅಂತ ಮೇಲಿನಿಂದ ಒತ್ತಡ. ಹಾಕದಿದ್ದರೆ ಎತ್ತಂಗಡಿ, ಇಲ್ಲವೇ ಇನ್ನೇನೋ ಒಂದು ಕೇಸು. ಉಣ್ಣದೇ ಉಳಿಯುವವರು ನಮ್ಮ ಮಕ್ಕಳೇ. ರುಜು ಹಾಕುವವನೂ ನಮ್ಮವನೇ. ಅವನು ಊಟ ಮಾಡದೆ ಕೂತಿದ್ದ. ಕೊನೆಗೆ ಕೇಳಿದ: "ಬಿಟ್ಟುಬಿಡ್ಲಾ ಅಣ್ಣ?"

ನಾನು ಬಾಯಿ ಬಿಡುವ ಮೊದಲೇ ಜೊತೆಗೆ ಬಂದಿದ್ದ ಅವನವ್ವ ಹೇಳಿದಳು: "ನಿಮ್ಮಪ್ಪ ಗೌಡ್ರ ಮನೆ ಜೀತ ಬುಡಾಕೆ ಹದಿನಾರು ವರ್ಸ ಬೇಕಾಯ್ತು ಕಣ್ ಮಗ. ನೀನು ಸರ್ಕಾರದ್ ಕೆಲ್ಸನ ಒಂದ್ ಕಾಗ್ದ ಗೀಚಿ ಬುಡ್ತೀನಿ ಅಂತೀಯಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತತ್ವಕ್ಕಾಗಿ ಹುದ್ದೆ ಬಿಟ್ಟವರ ಕತೆಗಳನ್ನು ನಾವು ಪಾಠದ ಪುಸ್ತಕದಲ್ಲಿ ಓದಿದ್ದೇವೆ, ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಆ ಕತೆಗಳಲ್ಲಿ ಯಾವುದೂ ಈ ತಾಯಿಯ ಮುಂದೆ ನಿಲ್ಲುವ ಹಾಗೆ ಕಾಣಲಿಲ್ಲ. ಅವರು ಹೋದ ಮೇಲೆ ನಾನು ಕಪಾಟಿನಿಂದ ತೆಗೆದದ್ದು ಒಂದು ರಾಜೀನಾಮೆಯ ಹೇಳಿಕೆ. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿ ಬಿ.ಆರ್. ಅಂಬೇಡ್ಕರ್ 1951ರ ಸೆಪ್ಟೆಂಬರ್ 27ರಂದು ಹುದ್ದೆ ಬಿಟ್ಟರು. ಯಾಕೆ ಬಿಟ್ಟೆ ಎಂದು ಅಕ್ಟೋಬರಿನಲ್ಲಿ ದೇಶಕ್ಕೆ ವಿವರಿಸಿದರು. ಈ ಲೇಖನ ಆ ವಿವರಣೆಯ ವಿಮರ್ಶೆ.

ರಾಜೀನಾಮೆಯ ಕಾಗದಕ್ಕೆ ವಿಮರ್ಶೆಯೇ ಎಂದು ಮೂಗು ಮುರಿಯುವವರು ಇದ್ದಾರೆ. ನಮ್ಮ ಪಂಡಿತರಿಗೆ ಚಂಪೂ ಸಾಹಿತ್ಯ, ಶಾಸನ ಸಾಹಿತ್ಯ. ರಾಜ ಯಾರಿಗೆ ಎಷ್ಟು ಗದ್ದೆ ದಾನ ಕೊಟ್ಟ ಎಂದು ಕಲ್ಲಿನ ಮೇಲೆ ಕೊರೆದದ್ದು ಸಾಹಿತ್ಯವಾಗುವುದಾದರೆ, ಅಸ್ಪೃಶ್ಯನಾಗಿ ಹುಟ್ಟಿದ ಮನುಷ್ಯನೊಬ್ಬ ದೆಹಲಿಯ ಮಂತ್ರಿಮಂಡಲದಿಂದ ಎದ್ದು ಬರುವಾಗ ಬರೆದ ಗದ್ಯ ಯಾಕೆ ಆಗಬಾರದು? ಅದರಲ್ಲಿ ಅಲಂಕಾರ ಇಲ್ಲ, ನಿಜ. ಇರುವುದು ಲೆಕ್ಕ.

2

ಮೊದಲು ಆ ತಾಯಿಯ ಮಾತಿನಿಂದಲೇ ಶುರು ಮಾಡೋಣ. ಕೆಲಸ ಬಿಡುವುದು ಎಂಬುದು ಈ ದೇಶದಲ್ಲಿ ಎಲ್ಲರಿಗೂ ಇದ್ದ ಹಕ್ಕಲ್ಲ. ಜೀತಗಾರ ಬಿಡುವಂತಿರಲಿಲ್ಲ. ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ 1950ರ ಸಂವಿಧಾನದ 23ನೇ ವಿಧಿ ನಿಷೇಧಿಸಿದರೂ ಜೀತ ತೊಲಗಿಸುವ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು. ಕಾಯಿದೆ ಬಂದ ಮೇಲೂ ಜೀತ ಬಿಟ್ಟು ಬಂದವರಿಗಿಂತ ಬಿಡಲಾಗದೆ ಉಳಿದವರನ್ನೇ ನಮ್ಮ ಸಂಘಟನೆಯವರು ಹಳ್ಳಿ ಹಳ್ಳಿಯಲ್ಲಿ ಕಂಡರು.

ಇನ್ನೂ ಒಂದಿದೆ. ಸರ್ಕಾರಿ ಕೆಲಸ ನಮಗೆ ಹೊಸದು ಅನ್ನುತ್ತಾರೆ. ಸುಳ್ಳು. ನಮ್ಮವರು ತಲೆತಲಾಂತರದಿಂದ ಸರ್ಕಾರದ ಕೆಲಸದಲ್ಲೇ ಇದ್ದರು: ತೋಟಿ, ತಳವಾರ, ನೀರಗಂಟಿ. ಅಮಲ್ದಾರ ಬಂದರೆ ಕುದುರೆಗೆ ಹುಲ್ಲು ಹಾಕಬೇಕು, ಟಪ್ಪಾಲು ಹೊರಬೇಕು, ತಮಟೆ ಬಾರಿಸಿ ಸಾರಬೇಕು, ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತುಕೊಂಡು ಓಡಬೇಕು. ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೆ ವತನ್ ಅಂತ ಹೆಸರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾನೂನು ಅದನ್ನು ಗಟ್ಟಿ ಮಾಡಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು. ಹಗಲಿರುಳೆನ್ನದೆ ಚಾಕರಿ. ಅಪ್ಪ ಇಲ್ಲದಿದ್ದರೆ ಮಗ ಹೋಗಬೇಕು, ಮನೆಯವರು ಯಾರಾದರೂ ಹೋಗಬೇಕು. ಕೂಲಿ ಅಂದರೆ ಒಂದು ತುಂಡು ನೆಲ, ಊರವರು ಕಣದಲ್ಲಿ ಎಸೆಯುವ ಕಾಳು. ಈ ಹುದ್ದೆಗೆ ಅರ್ಜಿ ಹಾಕುವಂತಿರಲಿಲ್ಲ, ಹುಟ್ಟಿದರೆ ಸಾಕು. ರಾಜೀನಾಮೆ ಕೊಡುವಂತೆಯೂ ಇರಲಿಲ್ಲ.

1928ರಲ್ಲಿ ಅಂಬೇಡ್ಕರ್ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ ಕಾನೂನಿನ ತಿದ್ದುಪಡಿಗೆ ಮಸೂದೆ ತಂದರು. ಮಹಾರರಿಗೆ ಈ ಚಾಕರಿಯಿಂದ ಬಿಡಿಸಿಕೊಳ್ಳುವ ದಾರಿ ಇರಬೇಕು ಎಂಬುದು ಅದರ ತಿರುಳು. ಮಸೂದೆ ಗೆಲ್ಲಲಿಲ್ಲ. ನಮ್ಮಲ್ಲಿ ತೋಟಿ ತಳವಾರಿಕೆಗಳ ವಂಶಪಾರಂಪರ್ಯ ಹೋದದ್ದು ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ. ಅದು ಜಾರಿಗೆ ಬಂದದ್ದು 1963ರಲ್ಲಿ.

ಅಂದರೆ 1951ರಲ್ಲಿ ಕಾನೂನು ಮಂತ್ರಿ ರಾಜೀನಾಮೆ ಬರೆದಾಗ ಅವರ ಜನ ಇನ್ನೂ ಎಷ್ಟೋ ಹಳ್ಳಿಗಳಲ್ಲಿ ಬಿಡಲು ಬಾರದ ಕೆಲಸದಲ್ಲಿ ಕಟ್ಟಿ ಬಿದ್ದಿದ್ದರು. ಇದನ್ನು ಮರೆತು ಆ ಪತ್ರವನ್ನು ಓದಿದರೆ ಅದು ಒಬ್ಬ ದೊಡ್ಡ ಮನುಷ್ಯನ ಮುನಿಸಿನ ಹಾಗೆ ಕಾಣುತ್ತದೆ. ಇದನ್ನು ನೆನಪಿಟ್ಟುಕೊಂಡು ಓದಿದರೆ, ಬಿಡುವ ಹಕ್ಕೇ ಇಲ್ಲದ ಜನರಲ್ಲಿ ಹುಟ್ಟಿದವನೊಬ್ಬ ಆ ಹಕ್ಕನ್ನು ದೇಶದ ಎಲ್ಲರ ಕಣ್ಣ ಮುಂದೆ ಚಲಾಯಿಸಿದ್ದು ಕಾಣುತ್ತದೆ.

3

ನಮ್ಮ ಸಾಹಿತ್ಯದಲ್ಲಿ ಹುದ್ದೆ ಬಿಡುವವನಿಗೆ ಒಂದು ಅಚ್ಚು ತಯಾರಾಗಿದೆ. ಅದರ ಹೆಸರು ತ್ಯಾಗ. ರಾಮ ರಾಜ್ಯ ಬಿಟ್ಟ, ಬಾಹುಬಲಿ ಗೆದ್ದ ನೆಲ ಬಿಟ್ಟ. ಇದ್ದವನು ಬಿಟ್ಟರೆ ತ್ಯಾಗ. ಇಲ್ಲದವನು ಬಿಟ್ಟರೆ ಅದಕ್ಕೆ ಹೆಸರಿಲ್ಲ, ತಲೆ ಕೆಟ್ಟಿದೆ ಅನ್ನುತ್ತಾರೆ. ನವ್ಯದ ಕತೆಗಳಲ್ಲಿ ಆಫೀಸಿನಿಂದ ಜಿಗುಪ್ಸೆ ಹುಟ್ಟಿ ಹೊರಬೀಳುವ ನಾಯಕನನ್ನು ನೋಡಿ. ಅವನಿಗೆ ಹೋಗಲು ಒಂದು ಊರು ಇರುತ್ತದೆ, ಊರಿನಲ್ಲಿ ತೊಟ್ಟಿಮನೆ ಇರುತ್ತದೆ, ಮನೆಯ ಹಿಂದೆ ತೋಟ ಇರುತ್ತದೆ. ಅವನ ಸಂಕಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಸಂಕಟಕ್ಕೆ ಹಸಿವಿನ ಭಯ ಇಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಕಲ್ಯಾಣದ ಕತೆ ಈ ಅಚ್ಚಿಗೆ ಪೂರ್ತಿ ಹೊಂದುವುದಿಲ್ಲ. ಅದಕ್ಕೇ ಅದು ನಮ್ಮ ಬರಹಗಾರರನ್ನು ಮತ್ತೆ ಮತ್ತೆ ಕಾಡಿದೆ: ಲಂಕೇಶರ 'ಸಂಕ್ರಾಂತಿ' 1971ರಲ್ಲಿ, ಶಿವಪ್ರಕಾಶರ 'ಮಹಾಚೈತ್ರ' 1986ರಲ್ಲಿ, ಕಾರ್ನಾಡರ 'ತಲೆದಂಡ' 1990ರಲ್ಲಿ. ಬಸವಣ್ಣ ಬಿಜ್ಜಳನ ಭಂಡಾರಿ. ಇವತ್ತಿನ ಮಾತಿನಲ್ಲಿ ಹಣಕಾಸಿನ ಅಧಿಕಾರಿ. ಬೊಕ್ಕಸದ ಹಣವನ್ನು ಜಂಗಮರಿಗೆ ಹಂಚುತ್ತಾನೆ ಎಂದು ಚಾಡಿ ಹೇಳಿದಾಗ ಲೆಕ್ಕ ತೆಗೆಸಿ ನೋಡಿದರು, ಒಂದು ಕಾಸೂ ಕಡಿಮೆ ಇರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದ ಮೇಲೆ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು. ಬಸವಣ್ಣ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋದ.

ಬಸವಣ್ಣನ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಕತೆಯನ್ನು ನಮ್ಮ ಕೇರಿಯಲ್ಲಿ ಕೂತು ಕೇಳಿದರೆ ಒಂದು ಪ್ರಶ್ನೆ ಏಳುತ್ತದೆ. ಭಂಡಾರಿ ಹುದ್ದೆ ಬಿಟ್ಟ. ಸಮಗಾರ ಜೀವ ಬಿಟ್ಟ. ಕಲ್ಯಾಣದಿಂದ ಹೊರಡುವ ದಾರಿ ಒಬ್ಬನಿಗೆ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಹುದ್ದೆ ಬಿಟ್ಟವನ ಕತೆ ಓದುವಾಗ ಉಳಿದವರಿಗೆ ಏನಾಯಿತು ಎಂದು ಕೇಳುವುದೇ ನಮ್ಮ ವಿಮರ್ಶೆಯ ಮೊದಲ ಕೆಲಸ.

4

ಕನ್ನಡದಲ್ಲಿ ಬಿಡುವುದಕ್ಕೆ ಮೂರು ಮಾತಿವೆ: ಓಡಿಸಿದರು, ಬಿಡಿಸಿದರು, ಬಿಟ್ಟ. ಮೂರನ್ನೂ ನಾವು ಕಂಡಿದ್ದೇವೆ.

1917ರಲ್ಲಿ ಅಂಬೇಡ್ಕರರಿಗೆ ಇಪ್ಪತ್ತಾರು ವರ್ಷ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾದಲ್ಲಿ ಓದಿ, ಒಪ್ಪಂದದ ಪ್ರಕಾರ ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಜವಾನರು ಫೈಲುಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ವಸತಿಯಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕಾಯಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ನಾಜೂಕಾಗಿ ಇಲ್ಲ ಅಂದರು. ಊರಿನ ತೋಟದಲ್ಲಿ ಕೂತು ಹೊತ್ತು ಕಳೆದು ರಾತ್ರಿಯ ರೈಲು ಹಿಡಿದು ಮುಂಬಯಿಗೆ ಹೋದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹದಲ್ಲಿ ಇದನ್ನು ಅವರೇ ಹೇಳಿಕೊಂಡಿದ್ದಾರೆ. ಇಲ್ಲಿ ರಾಜೀನಾಮೆಯ ಪತ್ರಕ್ಕೆ ಬೆಲೆ ಎಲ್ಲಿದೆ? ಊರೇ ಅವರನ್ನು ವಜಾ ಮಾಡಿತ್ತು. ಇದು ಓಡಿಸಿದ್ದು.

ಎರಡನೆಯದು ನಮ್ಮ ರಾಜ್ಯದ್ದೇ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯದ ತುಂಬ ಗಲಭೆ. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಪೌರಾಡಳಿತದ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮನುಷ್ಯ ಒಂದು ಮಾತಿಗಾಗಿ ಕುರ್ಚಿ ಬಿಡಬೇಕಾಯಿತು. ಮಲ ಹೊರಿಸಿದವರು ಯಾರೂ ಯಾವ ಕುರ್ಚಿಯನ್ನೂ ಬಿಡಲಿಲ್ಲ. ಇದು ಬಿಡಿಸಿದ್ದು. ಈ ಪತ್ರಿಕೆಯಂಥ ಪತ್ರಿಕೆಗಳು, ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಸಂಘಟನೆ ಎಲ್ಲಕ್ಕೂ ಆ ಬೂಸಾ ಗಲಾಟೆಯ ಕಾವು ಬೇಕಾಯಿತು ಎಂಬುದು ಬೇರೆ ಮಾತು.

ಮೂರನೆಯದು 1951. ಇಲ್ಲಿ ಯಾರೂ ದೊಣ್ಣೆ ಹಿಡಿದು ಬರಲಿಲ್ಲ. ಪ್ರಧಾನಿ ಹೋಗು ಅನ್ನಲಿಲ್ಲ. ಅವರೇ ಎದ್ದರು.

5

ಎದ್ದವರು ಸುಮ್ಮನೆ ಹೋಗಲಿಲ್ಲ, ಇದೇ ಮುಖ್ಯ. ಸದನದಲ್ಲಿ ವಿವರಣೆ ಕೊಡುತ್ತೇನೆ ಅಂದರು. ಪೀಠದಲ್ಲಿದ್ದ ಉಪಸಭಾಪತಿಗಳು ಹೇಳಿಕೆಯ ಪ್ರತಿಯನ್ನು ಮೊದಲೇ ತೋರಿಸಬೇಕು ಅಂದರು. ಮೊದಲೇ ತೋರಿಸಿ ಓದುವ ಮಾತು ನನಗೆ ಬೇಡ ಎಂದು ಅಂಬೇಡ್ಕರ್ ಹೊರನಡೆದು, ಹೇಳಿಕೆಯನ್ನು ಪತ್ರಿಕೆಯವರ ಕೈಗೆ ಕೊಟ್ಟರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾಗಿದ್ದವನು ಆ ಸಂವಿಧಾನ ಜಾರಿಯಾದ ಎರಡು ವರ್ಷದೊಳಗೆ ತನ್ನ ಮಾತನ್ನು ಸದನದ ಹೊರಗೆ ಹೇಳಬೇಕಾಯಿತು. ಒಂದು ಕೃತಿ ಹೇಗೆ ಪ್ರಕಟವಾಯಿತು ಎಂಬುದೂ ಅದರ ಅರ್ಥದ ಭಾಗ. ಇದು ಸೆನ್ಸಾರಿಗೆ ತಲೆಬಾಗದೆ ಹೊರಬಂದ ಗದ್ಯ.

ಹೇಳಿಕೆಯ ರಚನೆ ವಕೀಲನದು. ಕಾರಣಗಳು ಒಂದೊಂದಾಗಿ ಬರುತ್ತವೆ.

ಒಂದು, ತಾನು ಅರ್ಥಶಾಸ್ತ್ರ ಓದಿದವನು, ಯೋಜನೆಯ ಖಾತೆ ಕೊಡುತ್ತೇವೆಂಬ ಮಾತಿದ್ದರೂ ಕೊಟ್ಟದ್ದು ಆಡಳಿತದ ಶಕ್ತಿಯಿಲ್ಲದ ಕಾನೂನು ಖಾತೆ. ವಿದೇಶಾಂಗ, ರಕ್ಷಣೆ ಮುಂತಾದ ಮುಖ್ಯ ಸಮಿತಿಗಳಿಂದ ದೂರ ಇಟ್ಟರು. ಆರ್ಥಿಕ ಸಮಿತಿಗೂ ಪ್ರತಿಭಟಿಸಿದ ಮೇಲೆ ಸೇರಿಸಿದರು.

ಎರಡು, ಹಿಂದುಳಿದ ವರ್ಗಗಳಿಗೆ ಆಯೋಗ ನೇಮಿಸಲು ಸಂವಿಧಾನ ಹೇಳಿದ್ದರೂ ನೇಮಿಸಿಲ್ಲ. ಪರಿಶಿಷ್ಟ ಜಾತಿಗಳ ಸ್ಥಿತಿ ಹಿಂದೆ ಹೇಗಿತ್ತೋ ಹಾಗೇ ಇದೆ. ದೆಹಲಿಯ ಸುತ್ತಮುತ್ತಲಿನ ನಮ್ಮ ಜನ ಸವರ್ಣೀಯರ ಹೊಡೆತದ ಕತೆ ಹೊತ್ತು ತನ್ನ ಬಳಿ ಬರುತ್ತಾರೆ, ಪೊಲೀಸರು ದೂರನ್ನು ಬರೆದುಕೊಳ್ಳುವುದೇ ಇಲ್ಲ.

ಮೂರು, ವಿದೇಶ ನೀತಿ. ಕಾಶ್ಮೀರದ ಗಂಟು ಬಿಡಿಸದೆ ಮುನ್ನೂರೈವತ್ತು ಕೋಟಿ ಆದಾಯದಲ್ಲಿ ನೂರೆಂಬತ್ತು ಕೋಟಿ ಸೈನ್ಯಕ್ಕೇ ಹೋಗುತ್ತಿದೆ.

ನಾಲ್ಕು, ಮಂತ್ರಿಮಂಡಲ ಎಂಬುದು ಬೇರೆ ಕಡೆ ಆದ ತೀರ್ಮಾನಗಳನ್ನು ದಾಖಲು ಮಾಡುವ ಕಚೇರಿಯಾಗಿದೆ.

ಐದು, ಹಿಂದೂ ಕೋಡ್ ಮಸೂದೆ.

ಐದನೆಯದಕ್ಕೆ ಹೆಚ್ಚು ಜಾಗ. ಈ ಮಸೂದೆಯ ಹಿಂದಿನ ಕೆಲಸದಲ್ಲಿ ನಮ್ಮ ನಾಡಿನ ಕೈಯೂ ಇತ್ತು. 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗರಾಯರು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಒಂದು ಕಾಯಿದೆ ಮಾಡಿತ್ತು. ಕೋಡ್ ಅದಕ್ಕಿಂತ ಬಹಳ ಮುಂದೆ ಹೋಯಿತು. ಮಗಳಿಗೆ ಆಸ್ತಿಯಲ್ಲಿ ಪಾಲು, ಗಂಡಸಿಗೆ ಒಂದೇ ಮದುವೆ, ಹೆಣ್ಣಿಗೆ ವಿಚ್ಛೇದನದ ಹಕ್ಕು, ಜಾತಿ ಮೀರಿದ ಮದುವೆಗೆ ಕಾನೂನಿನ ಮಾನ್ಯತೆ. ಹರಳಯ್ಯ ಮಧುವರಸರ ಮನೆಯ ಮದುವೆಗೆ ಎಂಟು ನೂರು ವರ್ಷ ತಡವಾಗಿ ಬಂದ ಕಾನೂನು ಅನ್ನಿ.

1947ರ ಏಪ್ರಿಲಿನಲ್ಲಿ ಮಂಡನೆಯಾದ ಮಸೂದೆ ನಾಲ್ಕು ವರ್ಷ ಎಳೆದಾಡಿತು. 1951ರ ಸೆಪ್ಟೆಂಬರಿನಲ್ಲಿ, ಎಲ್ಲ ಬೇಡ, ಮದುವೆ ವಿಚ್ಛೇದನದ ಭಾಗ ಮಾತ್ರ ಸಾಕು ಅಂದರು. ಅದಕ್ಕೂ ಅಂಬೇಡ್ಕರ್ ಒಪ್ಪಿದರು. ನಾಲ್ಕು ಕಲಮು ಪಾಸಾದವು. ಅಲ್ಲಿಗೆ ಅದನ್ನೂ ಕೈಬಿಟ್ಟರು. ಪ್ರಧಾನಿಗೆ ಮನಸ್ಸಿತ್ತು, ಅದನ್ನು ದಡ ಸೇರಿಸುವ ಛಲ ಇರಲಿಲ್ಲ ಎಂಬುದು ಹೇಳಿಕೆಯ ತೀರ್ಪು. ಜಾತಿ ಜಾತಿಯ ನಡುವಿನ, ಗಂಡು ಹೆಣ್ಣಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಬರೀ ಆರ್ಥಿಕ ಕಾನೂನು ಮಾಡುತ್ತ ಹೋದರೆ ಅದು ತಿಪ್ಪೆಯ ಮೇಲೆ ಅರಮನೆ ಕಟ್ಟಿದ ಹಾಗೆ ಎಂಬ ಅರ್ಥದ ಮಾತು ಬರುವುದು ಇಲ್ಲೇ. ಕಣ್ಣಿಗೆ ಕಟ್ಟುವ ಹೋಲಿಕೆ. ಅದೂ ತಿಪ್ಪೆ ಬಲ್ಲ ಜನರಿಗೆ ತಕ್ಷಣ ತಿಳಿಯುವಂಥದ್ದು.

6

ಈ ಐದು ಕಾರಣಗಳಿಗೆ ಇವತ್ತು ಒದಗಿರುವ ಗತಿ ನೋಡಿ. ಮಹಿಳಾ ಸಂಘಟನೆಯವರು ಐದನೆಯದನ್ನು ತೆಗೆದುಕೊಳ್ಳುತ್ತಾರೆ. ನಾವು ಎರಡನೆಯದನ್ನು. ಬಾಬಾಸಾಹೇಬರ ಹೆಸರನ್ನು ಚುನಾವಣೆಗೆ ಮಾತ್ರ ಬಳಸುವ ಬಲಪಂಥೀಯರು ಮೂರನೆಯದನ್ನು ಕತ್ತರಿಸಿ ಅಂಟಿಸುತ್ತಾರೆ. ಐದನ್ನೂ ಒಟ್ಟಿಗೆ ಓದುವವರು ಕಡಿಮೆ.

ಒಟ್ಟಿಗೆ ಓದಿದರೆ ನಾಲ್ಕನೆಯದು ಉಳಿದ ನಾಲ್ಕರ ಬೀಗದ ಕೈ ಎಂದು ನನ್ನ ವಾದ. ತೀರ್ಮಾನ ಬೇರೆ ಕಡೆ ಆಗುತ್ತದೆ, ಇಲ್ಲಿ ರುಜು ಮಾತ್ರ. ಪಂಚಾಯಿತಿಯ ನಮ್ಮ ಮೆಂಬರುಗಳನ್ನು ಕೇಳಿ. ಗೌಡರ ಜಗಲಿಯಲ್ಲಿ ಮಾತು ಮುಗಿದಿರುತ್ತದೆ, ಮಾರನೆಯ ದಿನ ಪುಸ್ತಕ ಇವನ ಮನೆಗೆ ಬರುತ್ತದೆ, "ಇಲ್ಲೊಂದು ಹೆಬ್ಬೆಟ್ಟೊತ್ತಪ್ಪ" ಅನ್ನುತ್ತಾರೆ. ದೆಹಲಿಯಲ್ಲಿ ಜಗಲಿ ಇಲ್ಲ, ಸಮಿತಿ ಇದೆ. ವ್ಯತ್ಯಾಸ ಅಷ್ಟೇ. ಕೊಲಂಬಿಯಾ, ಲಂಡನ್ ಎರಡೂ ಕಡೆ ಡಾಕ್ಟರೇಟ್ ಪಡೆದವನನ್ನೂ ಹೆಬ್ಬೆಟ್ಟಿನ ಮೆಂಬರನ ಹಾಗೆ ಕೂರಿಸಬಲ್ಲ ವ್ಯವಸ್ಥೆ ಇದು. ಆ ಕಾರಣಕ್ಕೇ ಆಯೋಗ ನೇಮಕವಾಗುವುದಿಲ್ಲ, ಆ ಕಾರಣಕ್ಕೇ ಹಣ ಎತ್ತಲೋ ಹೋಗುತ್ತದೆ, ಆ ಕಾರಣಕ್ಕೇ ಹೆಣ್ಣಿನ ಹಕ್ಕಿನ ಮಸೂದೆ ಗಂಡಸರ ಸದನದಲ್ಲಿ ಸಾಯುತ್ತದೆ. ನೋವು ಯಾರದೋ ಅವರು ತೀರ್ಮಾನದ ಕೋಣೆಯಲ್ಲಿ ಇಲ್ಲ.

ಹಾಗಂತ ಈ ಹೇಳಿಕೆಯನ್ನು ಪೂಜೆಗೆ ಇಡಬೇಡಿ. ನಮ್ಮ ಜಗಳ ಎರಡಿವೆ.

ಪರಿಶಿಷ್ಟರ ಕಷ್ಟ ಹೇಳುವಾಗ ಅಂಬೇಡ್ಕರ್, ಮುಸ್ಲಿಮರ ರಕ್ಷಣೆಗೆ ತೋರಿಸುವ ಕಾಳಜಿಯನ್ನು ನಮಗೆ ಯಾಕೆ ತೋರಿಸುವುದಿಲ್ಲ ಎಂಬ ಧಾಟಿಯಲ್ಲಿ ಕೇಳುತ್ತಾರೆ. ಪ್ರಶ್ನೆ ಸರ್ಕಾರಕ್ಕೆ ಕೇಳಿದ್ದು, ಅದು ಸರಿ. ಆದರೆ ಪೆಟ್ಟು ತಿಂದ ಒಬ್ಬನನ್ನು ಇನ್ನೊಬ್ಬನ ಪಕ್ಕ ತಕ್ಕಡಿಯಲ್ಲಿ ಕೂರಿಸುವ ಕ್ರಮ ಅದು. ಇವತ್ತು ಆ ಸಾಲನ್ನು ಯಾರು ಯಾರ ಮೇಲೆ ಬೀಸುತ್ತಿದ್ದಾರೆ ನೋಡಿದರೆ ನಾವು ಸುಮ್ಮನಿರಲಾಗುವುದಿಲ್ಲ.

ಎರಡನೆಯದು ತಡದ ಪ್ರಶ್ನೆ. ಇಷ್ಟೆಲ್ಲ ಕಂಡಿದ್ದವರು ನಾಲ್ಕು ವರ್ಷ ಯಾಕೆ ಕೂತರು? ಈ ಆಕ್ಷೇಪ ಬರುತ್ತದೆ ಎಂದು ಅವರಿಗೇ ಗೊತ್ತಿತ್ತು. ಸಂವಿಧಾನದ ಕೆಲಸ, ಆಮೇಲೆ ಚುನಾವಣಾ ಕಾನೂನಿನ ಕೆಲಸ, ಎಲ್ಲಕ್ಕಿಂತ ಹಿಂದೂ ಕೋಡಿನ ಆಸೆ ತನ್ನನ್ನು ಹಿಡಿದಿಟ್ಟವು ಅನ್ನುತ್ತಾರೆ. ಕಾಯಿಲೆಯಿಂದ ಬಿಟ್ಟ ಎಂದು ಯಾರೂ ತಿಳಿಯಬಾರದು, ಕಾಯಿಲೆಗೆ ಹೆದರಿ ಕರ್ತವ್ಯ ಬಿಡುವವನು ತಾನಲ್ಲ ಎಂದೂ ಸೇರಿಸುತ್ತಾರೆ. ನನಗೆ ಈ ಭಾಗವೇ ಹೇಳಿಕೆಯ ಜೀವ ಅನ್ನಿಸುತ್ತದೆ. ತ್ಯಾಗದ ನಾಯಕ ಯಾಕೆ ಬಿಟ್ಟೆ ಎಂದು ಮಾತ್ರ ಹೇಳುತ್ತಾನೆ. ಈ ಮನುಷ್ಯ ಯಾಕೆ ಅಷ್ಟು ದಿನ ಬಿಡಲಿಲ್ಲ ಎಂದೂ ಹೇಳುತ್ತಾನೆ. ಒಳಗೆ ಕೂತಿದ್ದಕ್ಕೂ ಲೆಕ್ಕ, ಹೊರಗೆ ಬಂದದ್ದಕ್ಕೂ ಲೆಕ್ಕ. ಕುರ್ಚಿಯನ್ನು ತನ್ನ ಸ್ವಂತ ಎಂದು ತಿಳಿದವನು ಅದನ್ನು ತ್ಯಾಗ ಮಾಡುತ್ತಾನೆ. ಕಳಿಸಿಕೊಟ್ಟವರದು ಎಂದು ತಿಳಿದವನು ಅವರಿಗೆ ಲೆಕ್ಕ ಒಪ್ಪಿಸುತ್ತಾನೆ.

ಬಿಟ್ಟು ಏನಾಯಿತು ಎಂದು ಕೇಳುವವರಿಗೆ ಒಂದೆರಡು ಮಾತು. 1952ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಅಂಬೇಡ್ಕರ್ ಸೋತರು. 1954ರಲ್ಲಿ ಭಂಡಾರಾದಲ್ಲೂ ಸೋತರು. ಹಿಂದುಳಿದ ವರ್ಗಗಳ ಆಯೋಗ 1953ರಲ್ಲಿ ನೇಮಕವಾಯಿತು. ಸತ್ತ ಕೋಡ್ ತುಂಡು ತುಂಡಾಗಿ ಎದ್ದು ಬಂತು: ಮದುವೆಯ ಕಾಯಿದೆ 1955ರಲ್ಲಿ, ವಾರಸಿಕೆಯ ಕಾಯಿದೆ 1956ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆ 2005ರಲ್ಲಿ ಬಂತು. ಇದೆಲ್ಲ ಆ ಒಂದು ರಾಜೀನಾಮೆಯಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಯಾವುದನ್ನು ಯಾರು ಯಾವಾಗ ಕೈಬಿಟ್ಟರು ಎಂದು ಬರೆದಿಟ್ಟ ಕಾಗದ ಒಂದಿತ್ತು. ಬರೆದದ್ದನ್ನು ಮರೆಸುವುದು ಕಷ್ಟ.

7

ನಮ್ಮ ವಾರ್ಡನ್ನಿನ ವಿಷಯಕ್ಕೆ ಬರುತ್ತೇನೆ. ಇಂಥ ಹೊತ್ತಿನಲ್ಲಿ ಪೇಟೆಯ ಗೆಳೆಯರು ಐ.ಎ.ಎಸ್. ಬಿಟ್ಟವರ ಉದಾಹರಣೆ ಕೊಡುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಸಸಿಕಾಂತ್ ಸೆಂಥಿಲ್, ಪ್ರಜಾಪ್ರಭುತ್ವದ ಬುಡವೇ ಅಲುಗುತ್ತಿರುವಾಗ ನೌಕರಿಯಲ್ಲಿ ಮುಂದುವರಿಯುವುದು ಸರಿಯಲ್ಲ ಎಂದು ಹೇಳಿ ಹೊರಬಂದರು. ಆಮೇಲೆ ರಾಜಕೀಯಕ್ಕೆ ಬಂದು 2024ರಲ್ಲಿ ತಮಿಳುನಾಡಿನಿಂದ ಲೋಕಸಭೆಗೆ ಗೆದ್ದರು. ಕಾರಣ ಹೇಳಿ ಬಿಟ್ಟದ್ದಕ್ಕೆ ಅವರಿಗೆ ನಮಸ್ಕಾರ. ಆದರೆ ಜಿಲ್ಲಾಧಿಕಾರಿ ಬಿಟ್ಟರೆ ಪತ್ರಿಕೆಯಲ್ಲಿ ಬರುತ್ತದೆ. ವಾರ್ಡನ್ ಬಿಟ್ಟರೆ ಮಾರನೆಯ ದಿನ ಇನ್ನೊಬ್ಬ ವಾರ್ಡನ್ ಬರುತ್ತಾನೆ, ತೊಂಬತ್ತಕ್ಕೆ ರುಜು ಬೀಳುತ್ತದೆ, ಅಷ್ಟೇ.

ಅದಕ್ಕೆ ನಾನು ಅವನಿಗೆ ಹೇಳಿದ್ದು ಇಷ್ಟು: "ಬಿಡೋದು, ಇರೋದು ಆಮೇಲೆ ಕಣಪ್ಪ. ಮೊದ್ಲು ಬರಿ. ಎಷ್ಟು ಮಕ್ಳು, ಎಷ್ಟು ಅಕ್ಕಿ ಬಂತು, ಎಷ್ಟಕ್ಕೆ ರುಜು ಕೇಳಿದ್ರು, ಯಾವ ತಾರೀಕು. ನೀನು ಇಲ್ಲಿವರ್ಗೂ ಯಾಕೆ ಸುಮ್ನಿದ್ದೆ ಅನ್ನೋದನ್ನೂ ಬರಿ."

ಕೊನೆಯ ಮಾತಿಗೆ ಅವನು ತಲೆ ತಗ್ಗಿಸಿದ. ಮೊದಲ ಆರು ತಿಂಗಳು ಅವನೂ ರುಜು ಹಾಕಿದ್ದ. ಅದನ್ನೂ ಬರೆದ. ನಾಲ್ಕು ಹಾಳೆಯಾಯಿತು. ಭಾನುವಾರ ನಮ್ಮ ಕೇರಿಯ ಮಾರಿಗುಡಿಯ ಮುಂದೆ ಹಾಸ್ಟೆಲಿನ ಮಕ್ಕಳ ಅಪ್ಪ ಅವ್ವಂದಿರನ್ನು ಕೂರಿಸಿಕೊಂಡು ಓದಿದ. ಓದುವಾಗ ಗಂಟಲು ಎರಡು ಸಲ ಕಟ್ಟಿತು. ಬೈದವರೂ ಇದ್ದರು, "ಆರ್ ತಿಂಗ್ಳು ನಮ್ ಐಕ್ಳ ಅನ್ನ ತಿಂದಲ್ಲೋ" ಅಂತ.

ಒಬ್ಬ ಮುದುಕ ಕೊನೆಗೆ ಮಾತಾಡಿದ. ಹಿಂದೆ ಊರಿನ ತೋಟಿಯಾಗಿದ್ದವನು. "ನಾನು ತೋಟಿಕೆ ಬುಟ್ಟಾಗ ನನ್ ತಮ್ಮುನ್ನ ಎಳ್ಕೊಂಡೋದ್ರು. ನೀನು ಬುಟ್ರೆ ಇನ್ನೊಬ್ಬುನ್ನ ಎಳ್ಕಂಬತ್ತಾರೆ. ಬುಡ್‌ಬ್ಯಾಡ. ರುಜು ಹಾಕಕಿಲ್ಲ ಅಂತ ಬರ್ಕೊಟ್ಟು ಅಲ್ಲೇ ಕೂತ್ಕೊ. ಅವ್ರೇ ತೆಗೀಲಿ. ತೆಗುದ್ರೆ ನಾವೆಲ್ಲ ಬತ್ತೀವಿ."

ಇದು ಬಾಬಾಸಾಹೇಬರ ದಾರಿಯಲ್ಲ ಅಂತ ಯಾರೋ ಓದಿಕೊಂಡ ಹುಡುಗ ಅಂದ. ನನಗೆ ಹಾಗೆ ಅನ್ನಿಸಲಿಲ್ಲ. ಅವರೂ ಮೊದಲು ಒಳಗೆ ಕೂತೇ ಕಾದಿದ್ದರು, ಕೂತಿದ್ದು ವ್ಯರ್ಥ ಎಂದು ಖಚಿತವಾದ ಮೇಲೆ ಎದ್ದರು. ಎರಡನ್ನೂ ಬರೆದು ಹೇಳಿದರು. ಕೇರಿಯಲ್ಲಿ ಓದಬಹುದಾದ ಕಾರಣ ನಿನ್ನ ಹತ್ತಿರ ಇದೆಯೇ ಎಂಬುದು ಪ್ರಶ್ನೆ. ಅದು ಇದ್ದರೆ ಇರುವುದಕ್ಕೂ ಬೆಲೆಯುಂಟು, ಬಿಡುವುದಕ್ಕೂ ಉಂಟು.

ವಾರ್ಡನ್ ಇನ್ನೂ ಕೆಲಸದಲ್ಲಿದ್ದಾನೆ. ಅರವತ್ತಕ್ಕೇ ರುಜು ಹಾಕುತ್ತಿದ್ದಾನೆ. ಕಾರಣ ಕೇಳಿ ನೋಟೀಸು ಬಂದಿದೆ, ಉತ್ತರಕ್ಕೆ ಏಳು ದಿನ ಗಡುವು. ಅವನವ್ವ ನೋಟೀಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನಗೆ ತೋರಿಸಿದಳು. "ಇದ್ಕೂ ಬರುದ್ಕೊಡ್ಬೇಕಾ ಅಪ್ಪ?" ಅಂದಳು. ಹೌದವ್ವ, ಇದಕ್ಕೂ ಬರೆದುಕೊಡಬೇಕು ಅಂದೆ. ಈ ಭಾನುವಾರ ಮತ್ತೆ ಮಾರಿಗುಡಿಯ ಮುಂದೆ ಸೇರುತ್ತೇವೆ. ಹತ್ತಿರದ ಊರಿನ ಗೆಳೆಯರು, ಮೇಷ್ಟ್ರುಗಳು ಬರಬೇಕು.